ಗೊಂಬೆಗೆ ಪುಟ್ಟ ಕೌದಿ: ಉಳಿದ ತುಂಡು ಬಟ್ಟೆಗೆ ಯಾವ ಅಳತೆ, ಯಾವ ಹೊಲಿಗೆ?

ಎಳೆನೂಲು:
12 ಇಂಚಿನ ಬಟ್ಟೆ ಗೊಂಬೆಗೆ ಹೊದಿಕೆ ಹೊಲಿಯಬೇಕು. ಕೈಯಲ್ಲಿರುವುದು ಬ್ಲೌಸ್ ಹೊಲಿದು ಉಳಿದ ‘ಟೂ ಬೈ ಟೂ’ ಎಂಬ ತೆಳು ಬಟ್ಟೆಯ ತುಂಡುಗಳು, ಫ್ರಾಕಿನ ಪಾಪ್ಲಿನ್, ಗುಳೇದಗುಡ್ಡ ಖಣದ ಎರಡು ಚೂರು, ಇಳಕಲ್ ಸೀರೆಯ ಕೆಂಪು ಸೆರಗಿನ ಒಂದು ಪಟ್ಟಿ, ಹಳೇ ಕಾಟನ್ ಪಂಚೆ. ಹೊಲಿಯಲು ಸಾದಾ ನೇರ ಹೊಲಿಗೆಯ ಕಾಲು ಮಷೀನು. ಚೌಕ ಎಷ್ಟು ದೊಡ್ಡದಿರಬೇಕು, ಒಳಗೆ ಏನು ಹಾಕಬೇಕು, ಅಂಚು ಹೇಗೆ ಮುಗಿಸಬೇಕು, ಇಷ್ಟು ಬಗೆಯ ಬಟ್ಟೆ ಒಟ್ಟಿಗೆ ಸೇರಿಸಬಹುದೇ? ತಿಳಿದವರು ಬಿಡಿಸಿ ಹೇಳಿ.

ಅಳತೆಪಟ್ಟಿ:
ಈ ಗೊಂಬೆಗೆ 12 ಅಗಲ, 16 ಉದ್ದ ಸಾಕು. ಕುತ್ತಿಗೆವರೆಗೆ ಹೊದಿಸಿ, ಎರಡೂ ಬದಿ ಕೆಳಗೆ ಸಿಕ್ಕಿಸಿದರೂ ಬಟ್ಟೆ ಉಳಿಯುತ್ತದೆ. ಅಡ್ಡಕ್ಕೆ 6, ಉದ್ದಕ್ಕೆ 8, ಒಟ್ಟು 48 ಚೌಕ. ಒಂದೊಂದನ್ನೂ 2½ ಇಂಚಿಗೆ ಕತ್ತರಿಸಿ. ನಾಲ್ಕೂ ಕಡೆ ಕಾಲಿಂಚು ಮಾರ್ಜಿನ್ (ಹೊಲಿಗೆಯಾಚೆ ಬಿಡುವ ಬಟ್ಟೆ) ಹೋಗಿ 2 ಇಂಚು ಕಾಣುತ್ತದೆ.

ಗೊಂಬೆ 18 ಇಂಚಿನದಾದರೆ ಚೌಕದ ಸಂಖ್ಯೆ ಬದಲಿಸಬೇಡಿ, ಅಳತೆ ಬದಲಿಸಿ. 3½ ಇಂಚಿಗೆ ಕತ್ತರಿಸಿದರೆ ಅದೇ 48 ಚೌಕ 18 × 24 ಆಗುತ್ತದೆ. ತೀರಾ ಪುಟ್ಟ ಗೊಂಬೆಗೆಂದು 1½ ಇಂಚಿನ ಚೌಕಕ್ಕೆ ಇಳಿಯುವುದು ಮಷೀನಿನಲ್ಲಿ ಲಾಭವಿಲ್ಲ. 2½ ಇಂಚಿನ ಚೌಕದಲ್ಲಿ ಬಟ್ಟೆಯ 36% ಹೊಲಿಗೆಯೊಳಗೆ ಹೋದರೆ, 1½ ಇಂಚಿನದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಬಟ್ಟೆ ಹೋದರೆ ಹೋಗಲಿ, ಅದಷ್ಟೂ ಹಿಂದೆ ಕುಳಿತು ಹೊದಿಕೆಯನ್ನು ರಟ್ಟಿನಂತೆ ಬಿಗಿ ಮಾಡುತ್ತದೆ. ಗೊಂಬೆಯ ಹೊದಿಕೆ ಕೆಡುವುದು ಹೆಚ್ಚಾಗಿ ಈ ದಪ್ಪದಿಂದಲೇ. ದೊಡ್ಡ ಕೌದಿಯಲ್ಲಿ ಕಾಣದ ಒಂದು ಮಡಿಕೆ ಇಲ್ಲಿ ಎದ್ದು ನಿಲ್ಲುತ್ತದೆ.

ಮಾದರಿ ಚೌಕವನ್ನು ಹಳೇ ಎಕ್ಸ್-ರೇ ಹಾಳೆಯಲ್ಲಿ ಕತ್ತರಿಸಿಕೊಳ್ಳಿ. ಲಗ್ನಪತ್ರಿಕೆಯ ರಟ್ಟಾದರೆ ಹತ್ತಿಪ್ಪತ್ತು ಚೌಕಕ್ಕೆ ಅಂಚು ಸವೆದು ಅಳತೆ ಕಿರಿದಾಗುತ್ತದೆ. ಎಕ್ಸ್-ರೇ ಹಾಳೆ ಸವೆಯುವುದಿಲ್ಲ, ಅದರ ಮೂಲಕ ಬಟ್ಟೆಯ ಹೂವೂ ಕಾಣುವುದರಿಂದ ಹೂವನ್ನು ನಡುವಿಗೆ ಕೂರಿಸಬಹುದು. ಚೌಕದ ಒಂದು ಬದಿ ಹಾಸಿನ (ಬಟ್ಟೆಯ ಉದ್ದದ) ಎಳೆಯ ಗುಂಟವೇ ಇರಲಿ. ಕಂಕುಳ ಭಾಗ ಕತ್ತರಿಸಿ ಉಳಿದ ಚೂರುಗಳು ಕ್ರಾಸಾಗಿ, ಅಂದರೆ ಎಳೆಗೆ ಓರೆಯಾಗಿ ಇರುತ್ತವೆ. ಅವುಗಳ ಮೇಲೆ ಚೌಕ ಇಡುವಾಗ ತುಂಡನ್ನು ತಿರುಗಿಸಿ ಎಳೆ ನೋಡಿ. ಕ್ರಾಸಿನಲ್ಲಿ ಕತ್ತರಿಸಿದ ಚೌಕ ಇಸ್ತ್ರಿ ತಗುಲಿದೊಡನೆ ಹಿಗ್ಗಿ ವಜ್ರಾಕಾರವಾಗುತ್ತದೆ. ಬಟ್ಟೆಯ ಗಟ್ಟಿ ಅಂಚನ್ನು ಚೌಕದೊಳಗೆ ಸೇರಿಸಬೇಡಿ, ಒಗೆದಾಗ ಅದು ಬೇರೆ ರೀತಿ ಕುಗ್ಗುತ್ತದೆ.

ಹೊಲಿಯುವ ಮುಂಚೆ ಒಂದು ಪರೀಕ್ಷೆ. ಮೂರು ಚೌಕಗಳನ್ನು ಸಾಲಾಗಿ ಜೋಡಿಸಿ ಇಸ್ತ್ರಿ ಹಾಕಿ ಅಳೆಯಿರಿ. ಒಟ್ಟು 6½ ಇಂಚು, ನಡುವಿನದು ಸರಿಯಾಗಿ 2 ಇಂಚು ಬರಬೇಕು. ಮಷೀನಿನ ಪಾದದ ಅಂಚೇ ಕಾಲಿಂಚು ಎಂದು ನಂಬಬೇಡಿ, ಪಾದದಿಂದ ಪಾದಕ್ಕೆ ಅದು ಬೇರೆ. ಸೂಜಿ ಇಳಿಯುವ ಜಾಗದಿಂದ ಕಾಲಿಂಚು ಅಳೆದು ತಟ್ಟೆಯ ಮೇಲೆ ಬಣ್ಣದ ಟೇಪು ಅಂಟಿಸಿ, ಬಟ್ಟೆಯ ಅಂಚು ಆ ಟೇಪಿಗೆ ತಾಗಿಕೊಂಡೇ ಸಾಗಲಿ. ನೂಲಿನಷ್ಟು ವ್ಯತ್ಯಾಸ ಏನು ಮಾಡೀತು ಅನಿಸಬಹುದು. ಹೊಲಿಗೆ 1/16 ಇಂಚು ಒಳಗೆ ಸರಿದರೆ ಪ್ರತಿ ಜೋಡಣೆಯಲ್ಲಿ ಎರಡೂ ತುಂಡು ಸೇರಿ 1/8 ಇಂಚು ಹೋಗುತ್ತದೆ. ಅಡ್ಡಸಾಲಿನ 5 ಜೋಡಣೆಗೆ 5/8 ಇಂಚು, ಉದ್ದದ 7 ಜೋಡಣೆಗೆ 7/8 ಇಂಚು ಕಡಿಮೆ. ಒಂದು ಸಾಲಿನಲ್ಲಿ ತಪ್ಪಿ ಇನ್ನೊಂದರಲ್ಲಿ ಸರಿಯಾದರೆ ಮೂಲೆಗಳು ಕೂಡುವುದೇ ಇಲ್ಲ.

ಎಳೆನೂಲು:
ಮೂಲೆ ಕೂಡುವುದೇ ನನಗೂ ಕಷ್ಟದ ಭಾಗ ಅನಿಸುತ್ತಿದೆ. ಅಳತೆ ಸರಿಯಿದ್ದೂ ನಾಲ್ಕು ಚೌಕ ಸೇರುವಲ್ಲಿ ಸರಿದರೆ?

ಅಳತೆಪಟ್ಟಿ:
ಆಗ ಇಸ್ತ್ರಿ ನೋಡಿ. 6 ಚೌಕದ ಅಡ್ಡಸಾಲು 8 ಹೊಲಿದುಕೊಂಡು ಹಿಂದಿನ ಮಾರ್ಜಿನ್‌ಗಳನ್ನು ಬೆಸ ಸಾಲಿನಲ್ಲಿ ಬಲಕ್ಕೆ, ಸಮ ಸಾಲಿನಲ್ಲಿ ಎಡಕ್ಕೆ ಒತ್ತಿ. ಎರಡು ಸಾಲು ಮುಖಾಮುಖಿ ಇಟ್ಟಾಗ ಉಬ್ಬುಗಳು ಎದುರುಬದುರು ಕುಳಿತು ಒಂದಕ್ಕೊಂದು ಆನಿಕೊಳ್ಳುತ್ತವೆ. ಬೆರಳಿಗೇ ಗೊತ್ತಾಗುತ್ತದೆ. ಆ ಜಾಗದಲ್ಲಿ ಗುಂಡುಪಿನ್ನು ಚುಚ್ಚಿ, ಸೂಜಿ ಹತ್ತಿರ ಬರುವವರೆಗೂ ತೆಗೆಯಬೇಡಿ, ಆದರೆ ಪಿನ್ನಿನ ಮೇಲೆ ಹೊಲಿಯಲೂಬೇಡಿ. ಎರಡೂ ಮಾರ್ಜಿನ್ ಒಂದೇ ಕಡೆ ಬಿದ್ದರೆ ಅಲ್ಲಿ ದಪ್ಪ ಗಂಟಾಗಿ ಪಾದ ಹತ್ತಿ ಇಳಿಯುವಾಗ ಬಟ್ಟೆ ಜಾರುತ್ತದೆ, ಮೂಲೆ ತಪ್ಪುವುದು ಹೀಗೆ.

ಇಸ್ತ್ರಿಯನ್ನು ಎಳೆಯಬಾರದು. ಮೇಲಿಂದ ಇಟ್ಟು, ಒತ್ತಿ, ಎತ್ತಬೇಕು.

ಜೋಡಣೆಗೆ ಇಂಚಿಗೆ 10 ಟಾಕೆ, 14ನೇ ನಂಬರ್ ಸೂಜಿ. ಬರೀ ತೆಳು ಟೂ ಬೈ ಟೂ ಇದ್ದರೆ 11.

ಬಾಬಿನ್ ಡಬ್ಬಿ:
ಸಣ್ಣ ಚೌಕ ಹೊಲಿಯುವವರಿಗೆಲ್ಲ ಬರುವ ಇನ್ನೊಂದು ತೊಂದರೆ ಸೇರಿಸುತ್ತೇನೆ. ಶುರುವಿನಲ್ಲೇ ಚೌಕದ ಮೂಲೆಯನ್ನು ಮಷೀನು ತಟ್ಟೆಯ ತೂತಿನೊಳಗೆ ಎಳೆದುಕೊಳ್ಳುತ್ತದೆ. ಮೊದಲು ಒಂದು ಚಿಂದಿಯ ಮೇಲೆ ಎರಡು ಮೂರು ಟಾಕೆ ಹಾಕಿ, ದಾರ ಕತ್ತರಿಸದೆ ಚೌಕವನ್ನು ಅದರ ಬೆನ್ನಿಗೆ ಸೇರಿಸಿ. ಹಾಗೇ ಜೋಡಿ ಜೋಡಿಯಾಗಿ ಒಂದರ ಹಿಂದೆ ಒಂದು ತಳ್ಳುತ್ತಾ ಹೋದರೆ ತೋರಣದಂತೆ ಸರಪಳಿ ಬರುತ್ತದೆ, ಕೊನೆಗೆ ಬಿಡಿಸಿಕೊಳ್ಳಬಹುದು. ದಾರವೂ ಉಳಿಯುತ್ತದೆ.

ಕೆಳಗಡೆ ದಾರ ಗೋಜಲಾಗಿ ಗುಡ್ಡೆ ಬಿದ್ದರೆ ಬಾಬಿನ್ ಬಿಚ್ಚಿ ಹುಡುಕುವ ಮುಂಚೆ ಮೇಲಿನ ದಾರ ನೋಡಿ. ಪಾದ ಇಳಿಸಿಟ್ಟು ದಾರ ಹಾಕಿದರೆ ಅದು ಬಿಗಿ ಮಾಡುವ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಪಾದ ಎತ್ತಿ ಮತ್ತೆ ದಾರ ಹಾಕಿದರೆ ಬಹಳ ಸಲ ಅಲ್ಲಿಗೇ ಸರಿಹೋಗುತ್ತದೆ.

ಚಿಂದಿಗಂಟು:
ಬಟ್ಟೆಗಳ ವಿಷಯ. ಟೂ ಬೈ ಟೂ, ಪಾಪ್ಲಿನ್, ಪಂಚೆ ಮೂರೂ ಒಟ್ಟಿಗೆ ಒಗ್ಗುತ್ತವೆ. ಬ್ಲೌಸ್ ಚೂರುಗಳಲ್ಲಿ ಪಾಲಿಯೆಸ್ಟರ್ ಬೆರೆತಿದೆಯೇ ಎಂದು ಅನುಮಾನವಿದ್ದರೆ ನಾಲ್ಕು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಇದ್ದರೆ ಬಿಸಾಡಬೇಕಿಲ್ಲ, ಇಸ್ತ್ರಿಯ ಬಿಸಿ ಅದಕ್ಕೆ ತಕ್ಕಂತೆ ಇಳಿಯಬೇಕು, ಅಷ್ಟೇ. ಆದರೆ ಜಾರ್ಜೆಟ್, ಶಿಫಾನ್ ಬೇಡ. ಕತ್ತರಿಸುವಾಗಲೇ ಜಾರಿ ಚೌಕ ಚೌಕವಾಗಿ ಉಳಿಯುವುದಿಲ್ಲ.

ಎಲ್ಲವನ್ನೂ ಕತ್ತರಿಸುವ ಮುಂಚೆ ಒಗೆಯಿರಿ. ಹೊಸ ಪಾಪ್ಲಿನ್ ಮೊದಲ ನೀರಿಗೆ ಕುಗ್ಗುತ್ತದೆ, ಎಷ್ಟೋ ಸಲ ಒಗೆದ ಹಳೇ ಪಂಚೆ ಇನ್ನು ಕುಗ್ಗುವುದಿಲ್ಲ. ಒಗೆಯದೆ ಜೋಡಿಸಿದರೆ ಹೊದಿಕೆ ಮೊದಲ ಒಗೆತಕ್ಕೇ ಅಲ್ಲಲ್ಲಿ ಸುಕ್ಕಾಗಿ ಸೆಟೆದುಕೊಳ್ಳುತ್ತದೆ. ತೀರಾ ಚಿಕ್ಕ ಚೂರು ಬಕೆಟ್ಟಿನಲ್ಲಿ ಒಗೆದರೆ ಅಂಚಿನ ಎಳೆಯೆಲ್ಲ ಬಿಟ್ಟುಕೊಂಡು ಗೋಜಲಾಗುತ್ತದೆ. ಅವನ್ನು ಬೋಗುಣಿಯಲ್ಲಿ ಬಿಸಿ ನೀರಿಗೆ ಹಾಕಿ ನೆನೆಸಿ, ಹಿಂಡದೆ ಟವೆಲ್ಲಿನ ಮೇಲೆ ಒಣಗಿಸಿ.

ನಿಮ್ಮ ಕೆಂಪು ಸೆರಗು ಬಣ್ಣ ಬಿಡುತ್ತದೆಯೇ ಎಂಬುದನ್ನು ನೋಡಲೇಬೇಕು. ಒದ್ದೆ ಮಾಡಿ, ಬಿಳಿ ಪಂಚೆಯ ಚೂರಿನ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಯ ಮೇಲೆ ಗುಲಾಬಿ ಕಲೆ ಬಂದರೆ ಮತ್ತೆ ಮತ್ತೆ ತೊಳೆದು ಪರೀಕ್ಷಿಸಿ. ಆಮೇಲೂ ಬಂದರೆ ಈ ಹೊದಿಕೆಗೆ ಅದು ಬೇಡ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ಬಿಳಿ ಬಟ್ಟೆಯ ಪಕ್ಕ ಕೆಂಪನ್ನು ಹೊಲಿಯಬೇಡಿ. ಸಡಿಲವಾಗಿ ಕೂತ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ.

ಖಣದ ಚೂರು ಕತ್ತರಿಸಿದ ತಕ್ಷಣ ಅಂಚಿನಲ್ಲಿ ಎಳೆ ಬಿಡುತ್ತದೆ. ಕಾಲಿಂಚು ಮಾರ್ಜಿನ್ ಅದಕ್ಕೆ ಸಾಲದು. ಎರಡು ದಾರಿಯಿದೆ. ಕತ್ತರಿಸುವ ಮುಂಚೆಯೇ ಹಿಂಬದಿಗೆ ತೆಳು ಪೇಸ್ಟಿಂಗ್ ಬಟ್ಟೆಯನ್ನು ಇಸ್ತ್ರಿಯಿಂದ ಅಂಟಿಸಬಹುದು. ಇಲ್ಲವೇ ಖಣದ ಚೌಕದ ಕೆಳಗೆ ಅದೇ ಅಳತೆಯ ಟೂ ಬೈ ಟೂ ಇಟ್ಟು, ಅಂಚಿಗಿಂತ 1/8 ಇಂಚು ಒಳಗೆ ಸುತ್ತ ಹೊಲಿದು, ಎರಡನ್ನೂ ಒಂದೇ ತುಂಡಾಗಿ ಬಳಸಬಹುದು. ನನಗೆ ಎರಡನೆಯದೇ ಇಷ್ಟ, ಮೆದುವಾಗಿರುತ್ತದೆ. ಬಕ್ರಂ ಮಾತ್ರ ಬೇಡ, ಅದು ಕಾಲರಿಗೆ ಹಾಕುವ ಗಟ್ಟಿ ಬಟ್ಟೆ. ಜರಿ ಇದ್ದ ತುಂಡಿಗೆ ನೇರ ಇಸ್ತ್ರಿ ಇಡಬೇಡಿ, ಮೇಲೊಂದು ಹತ್ತಿ ಬಟ್ಟೆ ಹಾಸಿ ಒತ್ತಿ. ಈಗಿನ ಜರಿಯಲ್ಲಿ ಬಹಳಷ್ಟು ಪ್ಲಾಸ್ಟಿಕ್ ಎಳೆ, ಹತ್ತಿಯ ಬಿಸಿಗೆ ಮುದುಡಿಬಿಡುತ್ತದೆ.

ಕೌದಿಕಟ್ಟೆ:
ನೋಡ್ರಿ, ಇಷ್ಟೆಲ್ಲಾ ಚೌಕ ಅಳದು ಕತ್ತರಸೂದು ಮಷೀನಿಗೆ ಸರಿ. ಆದ್ರ ಕೈಯಾಗ ಇರೂದು ವಾರಿ-ಓರಿ ಚೂರು ಅಂದಮ್ಯಾಲೆ ಕೈಹೊಲಿಗೀ ಕೌದೀನ ಛಲೋ. 2½ ಇಂಚು ಬರದ ಪಟ್ಟಿ, ಮೂಲಿ ಚೂರು, ಎಲ್ಲಾ ಅದರಾಗ ಕೂಡ್ತಾವು. ಅರಿವಿ ಒಂದೀಟೂ ಹಾಳಾಗಂಗಿಲ್ಲ.

ಕೆಳಗ ಹಳೇ ಪಂಚಿ ಇಲ್ಲಾ ಧೋತರ, 14 × 18 ಇಂಚು. ಸುತ್ತ ಅರ್ಧ ಇಂಚು ಒಳಗ ಮಡಚ್ರಿ, 13 × 17 ಆತು. ಅದರ ಮ್ಯಾಲೆ ಹಳೇ ಕಾಟನ್ ಸೀರಿದು ಒಂದ ಪದರ, ಮಡಿಚಿದ ಅಂಚಿಗಿಂತ ಒಂದ ನೂಲು (1/8 ಇಂಚು) ಒಳಗ ಇರಬೇಕು. ಗೊಂಬಿಗೆ ಒಂದ ಪದರ ಸಾಕು, ಎರಡು ಹಾಕಿದ್ರ ಸೂಜಿ ಎಳಿಯಾಕ ಬಿಗಿ ಆಕ್ಕತಿ. ಚೂರಿನ ಅಂಚು ಕಾಲಿಂಚು ಒಳಗ ಮಡಚಿ ಉಗುರಿಲೆ ಗೀರ್ರಿ, ಮಡಿಕಿ ನಿಲ್ಲತೈತಿ. ಒಂದ ಚೂರಿನ ಮಡಚಿದ ಅಂಚು ಇನ್ನೊಂದರ ಹಸಿ (ಮಡಚದ) ಅಂಚಿನ ಮ್ಯಾಲೆ ಕೂಡಬೇಕು, ಕಾಲಿಂಚಿಗೆ ಕಡಿಮಿ ಬ್ಯಾಡ.

ದಾರ ಜ್ವಾಡ ಮಾಡಿ ಗಂಟು ಹಾಕ್ರಿ, ಮೊಳದುದ್ದಕ್ಕಿಂತ ಉದ್ದ ತುಗೋಬ್ಯಾಡ್ರಿ, ತೊಡಕ ಬೀಳತೈತಿ. ಇಂಚಿಗೆ 5-6 ಟಾಕಿ, ಸಾಲಿನಿಂದ ಸಾಲಿಗೆ ಕಾಲಿಂಚಿನಿಂದ 3/8 ಇಂಚು. 3/8 ಇಟ್ಟರ ಪೂರಾ ಕೌದಿಗೆ ಸುಮಾರ 15 ಮೀಟರ್ ಹೊಲಿಗಿ ಬರತೈತಿ, ಜ್ವಾಡ ದಾರ ಅಂದ್ರ 40 ಮೀಟರ್ ಹತ್ರ ಹಿಡೀರಿ. ಗಂಟನ್ನ ಪದರಿನ ನಡುವ ಮುಚ್ಚಬೇಕು, ಹಿಂದ ಬಿಟ್ಟರ ಒಗಿಯೂಮುಂದ ಕಿತ್ತ ಬರತೈತಿ.

ಮಲೆನಾಡ ಸೂಜಿ:
ಕೌದಿಕಟ್ಟೆಯವರು ಹೇಳಿದ್ದಕ್ಕೆ ಹತ್ತಿರದ್ದೇ ಇನ್ನೊಂದು ಪದ್ಧತಿ ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರ ಕವಂದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಮೊದಲು ಮೇಲ್ಬಟ್ಟೆ ಜೋಡಿಸಿಟ್ಟುಕೊಂಡು ಆಮೇಲೆ ಪದರ ಸೇರಿಸುವುದಿಲ್ಲ, ಚೂರು ಇಡುತ್ತಾ, ಹೊಲಿಯುತ್ತಾ ಹೋಗುವುದು. ಬೇರೆ ಪೈಪಿಂಗ್ (ಅಂಚು ಮುಚ್ಚುವ ಪಟ್ಟಿ) ಬೇಕಿಲ್ಲ, ಕೆಳಬಟ್ಟೆಯ ಮಡಿಕೆ ಮತ್ತು ಚೂರಿನ ಮಡಿಕೆ ಎದುರುಬದುರು ಕೂತು ಅಂಚು ತಾನಾಗಿ ಮುಗಿದಿರುತ್ತದೆ. ಗೊಂಬೆಯ ಅಳತೆಗೆ ಹೊಂದುವಂತೆ ಅಂಚು ತೆಳುವಾಗಿಯೇ ಬರುತ್ತದೆ.

ನಾಲ್ಕು ಮೂಲೆಗೂ ಬಣ್ಣದ ಚೂರುಗಳಿಂದ ಫುಲಾ (ಹೂವು) ಕೂರಿಸುತ್ತಾರೆ. ಅದಿಲ್ಲದೆ ಕವಂದಿ ಪೂರ್ತಿಯಾಗದು. ಅದನ್ನೇ ನೋಡಿ ಪುಟ್ಟದಾಗಿ ಮಾಡುವುದಾದರೆ 2 ಇಂಚಿನ ತೆಳು ಚೌಕವನ್ನು ಕರ್ಣಕ್ಕೆ ಮಡಿಸಿ, ಮತ್ತೊಮ್ಮೆ ಅರ್ಧಕ್ಕೆ ಮಡಿಸಿ. ಉದ್ದ ಬದಿಯಲ್ಲಿ ಮಾತ್ರ ಹಸಿ ಅಂಚು ಉಳಿಯುತ್ತದೆ, ಉಳಿದೆರಡು ಬದಿ ಮಡಿಕೆ. ಆ ಎರಡು ಮಡಿಕೆ ಬದಿಗಳು ಹೊದಿಕೆಯ ಮೂಲೆಗೆ ಸರಿಯಾಗಿ ಹೊಂದುತ್ತವೆ. ಹಸಿ ಬದಿ ಒಳಮುಖವಾಗಿರಲಿ, ಮುಂದಿನ ಚೂರು ಅದನ್ನು ಮುಚ್ಚುತ್ತದೆ. ಖಣವನ್ನು ಇಲ್ಲಿಗೆ ಬಳಸಬೇಡಿ, ನಾಲ್ಕು ಪದರವಾಗಿ ಸೂಜಿಯೇ ಇಳಿಯದು.

ಎಳೆನೂಲು:
ಅಂಚಿನಿಂದ ಒಳಗೆ ಹೊಲಿದರೆ ನಡುವೆ ಬಟ್ಟೆ ಉಬ್ಬಿ ನಿಲ್ಲುವುದಿಲ್ಲವೇ?

ಮಲೆನಾಡ ಸೂಜಿ:
ನಿಲ್ಲುತ್ತದೆ, ಎಚ್ಚರ ತಪ್ಪಿದರೆ. ಪ್ರತಿ ಸಾಲಿನ ಹೊಲಿಗೆಯೂ ಒಳಪದರವನ್ನು ಕೂದಲೆಳೆಯಷ್ಟು ನಡುವಿಗೆ ತಳ್ಳುತ್ತಿರುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಕೊನೆಗೆ ಅಲ್ಲಿ ಗುಳ್ಳೆ ಬೀಳುತ್ತದೆ. ಒಂದೊಂದು ಸುತ್ತು ಮುಗಿದಾಗಲೂ ಮೇಜಿನ ಮೇಲೆ ಹರಡಿ, ಬೋರಲು ಹಾಕಿ, ಕೆಳಬಟ್ಟೆಯನ್ನು ಅಂಗೈಯಿಂದ ಸವರಿ. ದಾರವನ್ನು ಬಟ್ಟೆ ನೆರಿಗೆಯಾಗುವಷ್ಟು ಎಳೆಯಬೇಡಿ. ನಡುವಿನ ಚೂರುಗಳನ್ನು ಮೊದಲೇ ಕತ್ತರಿಸಿಡಬೇಡಿ. ಉಳಿದ ಜಾಗ ಅಳೆದು, ಅದಕ್ಕೆ ಸುತ್ತಲೂ ಅರ್ಧ ಇಂಚು ಸೇರಿಸಿ ಕೊನೆಯ ಚೂರನ್ನು ಕತ್ತರಿಸಿ. ಕಾಲಿಂಚು ಮಡಿಕೆಗೆ, ಕಾಲಿಂಚು ಮುಚ್ಚಿಗೆಗೆ. ಆಗಲೂ ಒಳಪದರ ಉಬ್ಬಿದ್ದರೆ ಆ ಚೂರು ಮುಚ್ಚುವ ಮುಂಚೆ ಒಳಗಿನ ಸೀರೆ ಪದರವನ್ನು ಮಾತ್ರ ಕತ್ತರಿಯಿಂದ ಸೀಳಿ, ಒಂದರ ಮೇಲೊಂದು ಬರುವ ಭಾಗ ತೆಗೆದುಬಿಡಿ. ಹೊರಗೆ ಕಾಣುವುದಿಲ್ಲ. ಕೆಳಬಟ್ಟೆಯೇ ಉಬ್ಬಿದ್ದರೆ ಕೊನೆಯ ಎರಡು ಸುತ್ತು ಬಿಚ್ಚದೆ ಬೇರೆ ಉಪಾಯವಿಲ್ಲ.

ಅಳತೆಪಟ್ಟಿ:
ಕೈಹೊಲಿಗೆಯ ಚೆಲುವಿಗೆ ಎದುರಾಡುವುದಿಲ್ಲ. ಆದರೂ ಮಕ್ಕಳು ದಿನಾ ಎಳೆದಾಡುವ, ವಾರಕ್ಕೊಮ್ಮೆ ಒಗೆಯುವ ಹೊದಿಕೆಗೆ ಚೌಕದ ಜೋಡಣೆ ಮಷೀನಿನಲ್ಲೇ ಆಗಲಿ ಎನ್ನುತ್ತೇನೆ. ಇಂಚಿಗೆ 5 ಟಾಕೆಯ ಸಾಲಿನಲ್ಲಿ ಮಗುವಿನ ಬೆರಳು ಸಿಕ್ಕಿ ಒಂದು ದಾರ ಕಡಿದರೆ ಸಾಲೇ ಬಿಡುತ್ತದೆ.

ಕೌದಿಕಟ್ಟೆ:
ಸಾಲು ಬಿಡಬಾರದು ಅಂದ್ರ ಗೇಣಿಗೊಮ್ಮೆ ಒಂದ ಟಾಕಿ ಹಿಂದಕ್ಕ ಹಾಕ್ರಿ. ದಾರ ಕಡದರೂ ಅಲ್ಲಿಗೆ ನಿಲ್ಲತೈತಿ. ಮತ್ತ ಸಾಲುಗಳು ಇಷ್ಟು ಹತ್ರ ಇರತಾವಲ್ಲ, ಒಂದು ಹೋದ್ರ ಚೂರು ಬಿಚ್ಚಂಗಿಲ್ಲರಿ.

ಅಳತೆಪಟ್ಟಿ:
ಹಿಂದಕ್ಕೆ ಒಂದು ಟಾಕೆ ಒಳ್ಳೆಯ ಮಾತು, ಒಪ್ಪಿದೆ.

ಇನ್ನು ಮಷೀನಿನವರಿಗೆ ಒಳಪದರ ಮತ್ತು ಅಂಚು. ಅಂಗಡಿಯ ಪಾಲಿಯೆಸ್ಟರ್ ವ್ಯಾಡಿಂಗ್ (ಒಳಗೆ ತುಂಬುವ ಮೆತ್ತನೆ ಹಾಸು) ಈ ಅಳತೆಗೆ ದಪ್ಪ, ಹೊದಿಕೆ ಗೊಂಬೆಯ ಮೇಲೆ ಇಳಿಬೀಳದೆ ಹಲಗೆಯಾಗಿ ನಿಲ್ಲುತ್ತದೆ. ನಿಮ್ಮ ಪಂಚೆಯದೇ ಒಂದು ಪದರ, ಇಲ್ಲವೇ ಮಗುವಿನ ಹಳೇ ಫ್ಲಾನೆಲ್ ಬಟ್ಟೆ ಹಾಕಿ. ಜೋಡಿಸಿದ ಮೇಲ್ಬಟ್ಟೆ 12½ × 16½ ಇರುತ್ತದೆ, ಒಳಪದರವೂ ಅಷ್ಟೇ. ಕೆಳಬಟ್ಟೆ ಸುತ್ತ ಅರ್ಧ ಇಂಚು ಹೆಚ್ಚು, 13½ × 17½. ಆ ಅರ್ಧ ಇಂಚನ್ನು ಕಾಲಿಂಚಿಗೆ ಎರಡು ಸಲ ಮಡಿಸಿ ಮೇಲಕ್ಕೆ ತಂದು ಅಂಚಿನಲ್ಲಿ ಹೊಲಿದರೆ ಪೈಪಿಂಗ್ ಬಂದಂತಾಯಿತು. ಸುತ್ತ 1 ಇಂಚು ಬಿಟ್ಟು ಅಗಲ ಮಡಿಕೆ ಮಾಡುವುದು ಹೊಲಿಯಲು ಸುಲಭ, ಆದರೆ ಆಗ ಹೊರಸಾಲಿನ ಚೌಕಗಳು 1¾ ಇಂಚಷ್ಟೇ ಕಾಣುತ್ತವೆ. ಕಾಲಿಂಚಿನ ಮಡಿಕೆಯಲ್ಲಿ ಅವೂ ಒಳಗಿನವುಗಳಂತೆ 2 ಇಂಚೇ ಉಳಿಯುತ್ತವೆ. ಒಳಗಡೆಯ ಹೊಲಿಗೆಯೆಲ್ಲ ಮುಗಿದ ಮೇಲೆ ಕೆಳಬಟ್ಟೆಯನ್ನು ಈ ಅಳತೆಗೆ ತರುವುದು ಒಳ್ಳೆಯದು, ಹೊಲಿಯುವಾಗ ಪದರಗಳು ಸರಿಯುತ್ತವೆ. ಅದಕ್ಕೆ ಶುರುವಿನಲ್ಲಿ 15 × 19 ಇರಲಿ.

ಮೂರು ಪದರ ಸೇರಿಸಿ 3 ಇಂಚಿಗೊಂದು ಸಾಲಿನಂತೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ. ಮಷೀನಿನಲ್ಲಿ ಇಂಚಿಗೆ 8 ಟಾಕೆ, ಚೌಕದ ಮೂಲೆಯಿಂದ ಮೂಲೆಗೆ ಕರ್ಣದ ಗೆರೆ, ನಡುವಿನ ಗೆರೆ ಮೊದಲು. ಗೆರೆ ಎಳೆಯಲು ಸವೆದ ಸೋಪಿನ ಚೂರು ಸಾಕು, ಒಗೆದರೆ ಹೋಗುತ್ತದೆ. ಕೆಳಗಿನ ಹಲ್ಲು ಕೆಳಬಟ್ಟೆಯನ್ನು ಮುಂದೆಳೆಯುತ್ತದೆ, ಪಾದ ಮೇಲ್ಬಟ್ಟೆಯನ್ನು ಹಿಂದೆ ತಡೆಯುತ್ತದೆ. ಸಾಲಿನ ಕೊನೆಯಲ್ಲಿ ಮೇಲ್ಬಟ್ಟೆ ಮುದ್ದೆಯಾಗಿ ಉಳಿಯುವುದು ಇದರಿಂದ. ಪಾದದ ಕಂಬಿಯ ತಲೆಯ ಮೇಲಿರುವ ತಿರುಪನ್ನು ಸ್ವಲ್ಪ ಸಡಿಲಿಸಿ, ಎಲ್ಲ ಗೆರೆಗಳನ್ನೂ ಒಂದೇ ದಿಕ್ಕಿನಿಂದ ಹೊಲಿಯದೆ ಒಂದು ಬಿಟ್ಟು ಒಂದು ತಿರುಗಿಸಿ ಹೊಲಿಯಿರಿ.

ಬಾಬಿನ್ ಡಬ್ಬಿ:
ಅಂಚಿನ ಮೂಲೆ ದಪ್ಪವಾಗದಂತೆ ಕೆಳಬಟ್ಟೆಯ ತುದಿಯನ್ನು ಮೊದಲು ಕರ್ಣವಾಗಿ ಒಳಗೆ ಮಡಿಸಿ, ಆ ಮಡಿಕೆ ಮೇಲ್ಬಟ್ಟೆಯ ಮೂಲೆಗೆ ತಾಗಬೇಕು. ತುದಿಯ ಚೂಪು ಕತ್ತರಿಸಿ ತೆಗೆಯಿರಿ. ಆಮೇಲೆ ಎರಡೂ ಬದಿ ಮಡಿಸಿದರೆ ಮೂಲೆಯಲ್ಲಿ ಓರೆ ಗೆರೆ ಕೂಡಿಕೊಳ್ಳುತ್ತದೆ. ಅಲ್ಲಿ ಮಷೀನು ಹತ್ತಿಸಬೇಡಿ, ಕೈಯಲ್ಲಿ ನಾಲ್ಕು ಹೆಮ್ಮಿಂಗ್ ಟಾಕೆ ಹಾಕಿ.

ಚಿಂದಿಗಂಟು:
ಅಲಂಕಾರಕ್ಕೆ ಗುಂಡಿ, ಮಣಿ, ಕನ್ನಡಿ, ಗೆಜ್ಜೆ ಹಚ್ಚುವ ಆಸೆಯಾಗುತ್ತದೆ. ಮೂರು ವರ್ಷದೊಳಗಿನ ಮಗುವಿನ ಕೈಗೆ ಹೋಗುವುದಾದರೆ ಯಾವುದೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಒಂದು ವರ್ಷದೊಳಗಿನ ಕೂಸು ಮಲಗಿರುವ ತೊಟ್ಟಿಲಲ್ಲಿ ಈ ಹೊದಿಕೆಯನ್ನೂ ಗೊಂಬೆಯನ್ನೂ ಬಿಡಬಾರದು, ಮುಖದ ಮೇಲೆ ಬೀಳುವ ಅಪಾಯವಿದೆ. ಕೆಲಸ ಮುಗಿದಾಗ ಗುಂಡುಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಹೊದಿಕೆಯ ಮೇಲೆ ಒಂದು ಅಯಸ್ಕಾಂತ ಆಡಿಸಿ ನೋಡಿ.

ಎಳೆನೂಲು:
ತೀರ್ಮಾನಿಸಿದೆ. ಟೂ ಬೈ ಟೂ, ಪಾಪ್ಲಿನ್ ಚೌಕಗಳು ಮಷೀನಿನಲ್ಲಿ, ಒಳಗಿನ ಹೊಲಿಗೆ ಕೈಯಲ್ಲಿ. ಖಣ ನಾಲ್ಕು ಚೌಕ ಮಾತ್ರ, ಲೈನಿಂಗ್ ಕೊಟ್ಟು. ಹಾಗೆ ಬೆರೆಸಿದರೆ ಕೈಹೊಲಿಗೆ ಸಾಲು ಎಲ್ಲಿ ಹಾಕಲಿ?

ಕೌದಿಕಟ್ಟೆ:
ಜೋಡಣಿ ಗೆರಿ ಮ್ಯಾಲೆ ಹಾಕಬ್ಯಾಡ್ರಿ, ಅಲ್ಲಿ ಅರಿವಿ ದಪ್ಪ, ಟಾಕಿ ಸಣ್ಣ ಬರಂಗಿಲ್ಲ. ಗೆರಿಯಿಂದ ಕಾಲಿಂಚಿಗಿಂತ ತುಸು ಹೆಚ್ಚು ಒಳಗ, ಮಾರ್ಜಿನ್ ದಾಟಿ, ಪ್ರತಿ ಚೌಕದಾಗ ಒಂದ ಸಣ್ಣ ಚೌಕ ಹೊಲೀರಿ. ಖಣದಾಗ ಲೈನಿಂಗ್ ಹಿಡಿಯೂ ಹಂಗ ಸೂಜಿ ನೆಟ್ಟಗ ಇಳಿಸಿ ಒಂದೊಂದ ಟಾಕಿ ಹಾಕ್ರಿ, ಮೂರ ನಾಕ ಟಾಕಿ ಒಮ್ಮೆ ಪೋಣಸಬ್ಯಾಡ್ರಿ.